ಟವೆಲಿನ ಕೆಳಗಿನ ದರ

ಮದುವೆಯಾದ ಹೊಸದರಲ್ಲಿ ಅಮಸಿದ್ದ ಹೆಂಡತಿಗೆ ಒಂದು ಮಾತು ಕೊಟ್ಟಿದ್ದ: ಒಂದಲ್ಲ ಒಂದು ದಿನ ನಿನ್ನನ್ನು ನಮ್ಮದೇ ಗಾಡಿಯಲ್ಲಿ ಮನಗೂಳಿಯ ತವರಿಗೆ ಕರೆದುಕೊಂಡು ಹೋಗುತ್ತೇನೆ. ಕಾಶಿಬಾಯಿ ಅದನ್ನು ಎಂದೋ ಮರೆತಿದ್ದಳು. ಅವನು ಮರೆತಿರಲಿಲ್ಲ. ಮೋರಟಗಿಯ ಈ ಕುರಿ ವ್ಯಾಪಾರಿ ಒಮ್ಮೆ ಬಾಯಿಂದ ಹೊರಟದ್ದನ್ನು ಹಿಂದಕ್ಕೆ ತೆಗೆದುಕೊಂಡವನಲ್ಲ.

ಈಗ ಅವನು ಸಿಂದಗಿಯ ಕಾರ್ ಶೋರೂಮಿನ ಗಾಜಿನ ಬಾಗಿಲಲ್ಲಿ ನಿಂತು ಒಳಗೆ ಇಣುಕುತ್ತಿದ್ದ. ಗಾಡಿಗಳನ್ನಲ್ಲ, ಮೇಜುಗಳ ಹಿಂದಿದ್ದ ಮುಖಗಳನ್ನು.

ಮ್ಯಾನೇಜರ್ ಸಿದ್ಧರಾಮ ತನ್ನ ಕೋಣೆಯಿಂದಲೇ ಅವನನ್ನು ಅಳೆದ. ತಿಂಗಳ ಕೊನೆಯ ದಿನ. ಸೇಲ್ಸ್ ಕೆಲಸದ ರೇಣುಕಾಳಿಗೆ ಬೆಳಿಗ್ಗೆಯೇ ಹೇಳಿಯಾಗಿತ್ತು: ಸಂಜೆಯೊಳಗೆ ಒಂದಾದರೂ ಗಾಡಿ ಬುಕ್ ಮಾಡಿಸು, ಇಲ್ಲದಿದ್ದರೆ ನಾಳೆಯಿಂದ ಬರಬೇಡ. ಪಾಪ, ಇಡೀ ದಿನ ಫೋನು ಕಿವಿಯಿಂದ ಇಳಿಸಿರಲಿಲ್ಲ. ಯಾರೂ ಬಂದಿರಲಿಲ್ಲ.

"ಬರ್ರಿ ಕಾಕಾ, ಹಿಂಗ ಬರ್ರಿ," ಹಳೆಯ ಸೇಲ್ಸ್‌ಮನ್ ಯುವರಾಜ ಎದ್ದು ಬಂದ.

ಅಮಸಿದ್ದ ಅವನನ್ನು ದಾಟಿ ಹೋಗಿ ರೇಣುಕಾಳ ಮೇಜಿನ ಮುಂದೆ ಕುಳಿತ. ಬಾಡಿಗೆ ಜೀಪಿನಲ್ಲಿ ಅವನನ್ನು ಕರೆತಂದಿದ್ದ ಫಯಾಜ ಪಕ್ಕದ ಕುರ್ಚಿ ಎಳೆದುಕೊಂಡ.

ಹಳೇ ಹುಲಿ, ಅಂದುಕೊಂಡ ಸಿದ್ಧರಾಮ. ಎಲ್ಲಿ ಮೆತ್ತಗಿದೆಯೋ ಅಲ್ಲೇ ಹಲ್ಲೂರುತ್ತದೆ.

ರೇಣುಕಾ ಎದ್ದು ನಿಂತಿದ್ದಳು. ಕೂರಲು ಮರೆತವಳಂತೆ. "ನೀರು ಕೊಡ್ಲೇನ್ರಿ?"

ಅಮಸಿದ್ದ ಫಯಾಜನ ಕಡೆ ತಿರುಗಿದ. "ಬ್ಯಾಡಂತ ಹೇಳು. ಆ ಬಿಳಿ ಗಾಡಿ ರೇಟ್ ಕೇಳು."

"ಎದುರಿಗೇ ನಿಂತಾರಲ್ಲೋ ಕಾಕಾ. ನಡುವ ನಾ ಏನು ಫೋನಿನ ಕಂಬ ಏನು?"

"ಕೇಳಂದ್ರ ಕೇಳು."

"ಎಲ್ಲಾ ಕೂಡಿ ಎಂಟು ಲಕ್ಷ ಹತ್ತು ಸಾವಿರ ಆಗ್ತೈತ್ರಿ," ಎಂದಳು ರೇಣುಕಾ, ಕೇಳುವ ಮೊದಲೇ.

ಸಿದ್ಧರಾಮ ಹೊರಗೆ ಬಂದ. ಹೆಣ್ಣುಮಗಳ ಜೊತೆ ಮಾತಾಡಿದರೆ ಮೀಸೆ ಮಣ್ಣಾಗುತ್ತದೆ ಅನ್ನುವ ಜನ ಅವನಿಗೆ ಹೊಸಬರೇನಲ್ಲ. "ಯಜಮಾನ್ರ, ರೇಟಿನ ಮಾತು ನನ್ನ ಕೂಡ ಆಡ್ರಿ. ವಿಜಯಪುರದಾಗ ಕೇಳಿ ಬಂದೀರೇನು?"

"ಕೇಳೇನ್ರಿ. ಅಲ್ಲಿ ಇಪ್ಪತ್ತು ಸಾವಿರ ಕಡಿಮಿ ಐತಿ."

"ಮತ್ತ ಇಲ್ಲಿಗೆ ಯಾಕ ಬಂದ್ರಿ?"

"ಯವಾರ ಮಾಡಾಕ. ಯವಾರ ಈಕಿ ಕೂಡನ ಆಗಬೇಕ್ರಿ. ನಮ್ಮ ಪದ್ಧತಿಯೊಳಗ ಆಗಬೇಕು."

ಹಾಗೆಂದು ಅವನು ಹೆಗಲ ಮೇಲಿನ ಟವೆಲು ತೆಗೆದು ಬಲಗೈ ಮೇಲೆ ಹೊದಿಸಿ ಮೇಜಿನ ಆಚೆ ಚಾಚಿದ. ಕುರಿ ಸಂತೆಯ ವ್ಯಾಪಾರ ಹಾಗೆಯೇ. ಬಾಯಿ ಬಿಡುವಂತಿಲ್ಲ. ಬಟ್ಟೆಯ ಕೆಳಗೆ ಇಬ್ಬರೂ ಕೈ ಹಿಡಿದು ಬೆರಳು ಒತ್ತಿ ದರ ಹೇಳಬೇಕು, ಸುತ್ತ ನಿಂತವರಿಗೆ ತಿಳಿಯಬಾರದು.

ಸಿದ್ಧರಾಮನ ಮೈ ಉರಿಯಿತು. "ಇದೇನು ಕುರಿ ಸಂತಿ ಏನ್ರಿ? ಮಂದ್ಯಾಗ ಹೆಣ್ಣಮಗಳ ಕೈ ಹಿಡೀತೀರಿ? ವಯಸ್ಸಿಗೆ ತಕ್ಕಂಗ ಇರ್ರಿ!"

ಚಾಚಿದ ಕೈ ಅಲ್ಲೇ ಇತ್ತು.

"ಇರ್ಲಿ ಸರ್." ರೇಣುಕಾಳ ಕೈ ಆಗಲೇ ಟವೆಲಿನೊಳಗೆ ಸೇರಿತ್ತು. "ನನಗ ಬರ್ತೈತ್ರಿ. ಸಣ್ಣಾಕಿದ್ದಾಗ ಸಂತಿಗೆ ಹೋಗತಿದ್ನಿ."

ಕೆಲಸ ಉಳಿಸಿಕೊಳ್ಳಲು ಏನೆಲ್ಲ ಸಹಿಸಬೇಕು! ಸಿದ್ಧರಾಮ ಅವಳ ಕಿವಿಯ ಬಳಿ ಬಾಗಿದ. "ಹದಿನೈದು ಸಾವಿರಕ್ಕಿಂತ ಜಾಸ್ತಿ ಇಳಿಸಿದ್ರ ಮಿಕ್ಕಿದ್ದು ನಿನ್ನ ಪಗಾರದಾಗ ಹಿಡೀತೇನಿ, ನೆಪ್ಪಿರಲಿ." ಹೇಳಿ ಕೋಣೆಯ ಬಾಗಿಲಲ್ಲೇ ನಿಂತ. ಒಳಗೆ ಹೋಗಲು ಮನಸ್ಸಾಗಲಿಲ್ಲ.

ಟವೆಲು ಅಲುಗಿತು. ಅಮಸಿದ್ದ ತಲೆ ಅಡ್ಡಡ್ಡ ಆಡಿಸಿದ.

ಐದು ಬಿಟ್ಟಳು, ಲೆಕ್ಕ ಹಾಕಿದ ಸಿದ್ಧರಾಮ. ಮುದುಕನಿಗೆ ಸಾಲಲಿಲ್ಲ.

ಮತ್ತೆ ಅಲುಗಿತು. ಮತ್ತೆ ತಲೆ ಅಡ್ಡಡ್ಡ.

ಹತ್ತು. ಹದಿನೈದು. ಇನ್ನೂ ಕೆಳಗೆ ಎಳೆಯುತ್ತಿದ್ದಾನೆ. ಸಂತೆಯಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಒಂದು ಹಿಂಡೇ ಕೈ ಬದಲಾಯಿಸುತ್ತಿತ್ತು. ತಂದಿಟ್ಟ ಚಹಾ ಕೆನೆಗಟ್ಟಿತು. ಫಯಾಜ ಎದ್ದು ಹೊರಗೆ ಹೋಗಿ ಗಾಜಿಗೆ ಬೆನ್ನು ಹಾಕಿ ನಿಂತ.

"ಸರ್, ಮುದುಕ ಹಿಂಡಾಕತ್ತಾನ," ಯುವರಾಜ ಪಿಸುಗುಟ್ಟಿದ. "ಆಕಿ ಅಳಾಕತ್ತಾಳ, ನೋಡ್ರಿ."

ನಿಜ. ಖಾಲಿ ಇದ್ದ ಎಡಗೈಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಸಿದ್ಧರಾಮ ದಾಪುಗಾಲು ಹಾಕಿದ. "ಸಾಕ್ರಿ ಯಜಮಾನ್ರ! ಕೈ ಬಿಡ್ರಿ ಮೊದಲ!"

ಅಮಸಿದ್ದ ಬಿಟ್ಟ. ಒಂದೊಂದೇ ಬೆರಳು. ಟವೆಲಿನಿಂದ ಮುಖ ಒರೆಸಿಕೊಂಡು ಅದನ್ನು ಹೆಗಲಿಗೆ ಹಾಕಿದ.

"ಮುಗೀತ್ರಿ ಸಾಹೇಬ್ರ. ಬಿಳಿ ಗಾಡಿ ಬರಕೊಳ್ರಿ. ಮಾರಿದ್ದು ಈಕಿ ಅಂತ ಬರಕೊಳ್ರಿ." ಮುಂಗಡದ ಹಣ ಮೇಜಿನ ಮೇಲಿಟ್ಟು, ಅವಳ ಕಡೆ ನೋಡದೆ ಹೊರಗೆ ನಡೆದ.

ಜೀಪು ಹೊರಟ ಸದ್ದು ಕೇಳಿದ ಮೇಲೆ ಸಿದ್ಧರಾಮ ಹಲ್ಲು ಕಚ್ಚಿ ಕೇಳಿದ. "ಎಷ್ಟು ಇಳಿಸಿದಿ?"

"ಏನೂ ಇಲ್ರಿ. ಎಂಟು ಹತ್ತು."

"ಸುಳ್ಳ ಹೇಳಬ್ಯಾಡ. ಅಂವಾ ಅಷ್ಟು ಸರ್ತಿ ತಲಿ ಅಲ್ಲಾಡಿಸಿದ್ದು?"

"ನಾ ಇಳಿಸ್ತಿದ್ನಿ ಸರ್. ಇಳಿಸಿದಾಗೆಲ್ಲಾ ಬ್ಯಾಡ ಅಂತ ನನ್ನ ಬೆರಳು ಬಿಚ್ಚತಿದ್ದ."

ಸಿದ್ಧರಾಮನಿಗೆ ತಲೆಬುಡ ತಿಳಿಯಲಿಲ್ಲ. "ಹಂಗಿದ್ರ ಇಷ್ಟೊತ್ತು ಕೈ ಹಿಡಕೊಂಡು ಕುಂತಿದ್ದು ಯಾಕ? ಯಾರಂವಾ?"

"ನಮ್ಮಪ್ಪ," ಎಂದಳು ರೇಣುಕಾ. "ನಾ ಮನಿ ಬಿಟ್ಟು ಬಂದು ಲಗ್ನ ಆದ ದಿನ ಓಣಿ ಮಂದಿ ಮುಂದ ಹೇಳಿದ್ದ, ಸಾಯೂತನಕ ನಿನ್ನ ಕೂಡ ಒಂದು ಮಾತೂ ಆಡೂದಿಲ್ಲಂತ."

ಆರು ವರ್ಷಗಳಾಗಿದ್ದವು. ಅಮಸಿದ್ದ ಆ ಮಾತನ್ನೂ ಉಳಿಸಿಕೊಂಡ.