ಮೀಸೆ ಮಾವನಿಗೊಂದು ಮೀಸೆ

"ತಲೆಗಲ್ಲ, ಮೀಸೆಗೆ," ಎಂದ ಬಸ್ ಡ್ರೈವರ್, ಮಫ್ಲರಿನ ಒಳಗಿಂದಲೇ.

ವಿಗ್ ಅಂಗಡಿಯ ಮಾಲೀಕ ಕೈಗೆತ್ತಿಕೊಂಡಿದ್ದ ಕಪ್ಪು ವಿಗ್ಗನ್ನು ಮೆಲ್ಲಗೆ ಕೆಳಗಿಟ್ಟ. ಕ್ಯಾನ್ಸರಿಗೆ ಕೀಮೋ ತೆಗೆದುಕೊಳ್ಳುವವರು ಅವನ ಅಂಗಡಿಗೆ ದಿನಾ ಬರುತ್ತಿದ್ದರು. ಮೀಸೆ ಕೇಳಿದವರು ಮಾತ್ರ ಇವರೇ ಮೊದಲು.

"ತಲೆ ಬಗ್ಗೆ ಚಿಂತೆ ಇಲ್ಲ. ಅದು ಮೂವತ್ತಕ್ಕೇ ಖಾಲಿಯಾಗಿತ್ತು," ಎಂದಳು ಜೊತೆಗಿದ್ದ ಹೆಂಡತಿ. "ಇವರ ಜೀವ ಇರೋದೆಲ್ಲ ಮೂಗಿನ ಕೆಳಗೆ."

ಎರಡನೆಯ ಡೋಸ್ ಆದ ಮೂರನೆಯ ದಿನ ಮುಖ ತೊಳೆಯುವಾಗ ಬಲಗಡೆಯ ಅರ್ಧ ಮೀಸೆ ಅಂಗೈಗೆ ಬಂದಿತ್ತು. ಬಾಗಿಲಿಗೆ ಚಿಲಕ ಹಾಕಿಕೊಂಡು ಉಳಿದರ್ಧವನ್ನು ಅವನೇ ಬೋಳಿಸಿಕೊಂಡಿದ್ದ. ಅಂದಿನಿಂದ ಹದಿನೆಂಟು ದಿನ ಮೂಗಿನವರೆಗೂ ಮಫ್ಲರ್. ಊಟವೂ ಗೋಡೆಗೆ ಮುಖ ಮಾಡಿ. ಡಿಪೋದಲ್ಲಿ ಅವನ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವನು ಮೀಸೆ ಮಾವ. ಆಸ್ಪತ್ರೆಯ ನರ್ಸುಗಳೂ ಮೊದಲ ದಿನದಿಂದಲೇ ಹಾಗೆ ಕರೆಯತೊಡಗಿದ್ದರು. "ಮೀಸೆ ಇಲ್ಲದೆ ನಾನು ಆ ವಾರ್ಡಿಗೆ ಕಾಲಿಡಲ್ಲ. ಔಷಧಿ ನಿಂತರೆ ನಿಲ್ಲಲಿ," ಎಂದು ಹಟ ಹಿಡಿದು ಕೂತಿದ್ದ. ಮೂರನೆಯ ಡೋಸ್ ಇವತ್ತೇ, ಹನ್ನೊಂದು ಗಂಟೆಗೆ. ಪ್ರೈಮರಿ ಶಾಲೆಯಲ್ಲಿ ಹಟಮಾರಿ ಮಕ್ಕಳಿಗೆ ಲೆಕ್ಕ ಕಲಿಸಿ ಪಳಗಿದ್ದ ಹೆಂಡತಿ ಬೈಯಲಿಲ್ಲ, ಅಳಲಿಲ್ಲ. "ಸರಿ. ಮೊದಲು ಮೀಸೆ, ಆಮೇಲೆ ಸೂಜಿ," ಎಂದು ಒಪ್ಪಿಸಿ, ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೇ ಕರೆತಂದಿದ್ದಳು.

ಮಾಲೀಕ ಒಳಗಿನಿಂದ ಚಪ್ಪಟೆ ಪೆಟ್ಟಿಗೆಯೊಂದನ್ನು ತಂದ. ನಾಟಕದವರಿಗೆಂದು ಇಟ್ಟಿದ್ದ ಮೀಸೆಗಳು ಅದರಲ್ಲಿ ಸಾಲಾಗಿ ಮಲಗಿದ್ದವು.

"ಮಫ್ಲರ್ ತೆಗೀರಿ, ಯಜಮಾನ್ರೇ."

ಡ್ರೈವರ್ ಹೆಂಡತಿಯ ಕಡೆ ನೋಡಿದ. "ನೀನು ಸ್ವಲ್ಪ ಆ ಕಡೆ ತಿರುಗು."

ಅವಳು ವಿಗ್ಗುಗಳ ಕಪಾಟಿನತ್ತ ತಿರುಗಿ ನಿಂತಳು. ಔಷಧಿಗೆ ಚರ್ಮ ಸೂಕ್ಷ್ಮವಾಗಿರುತ್ತದೆಂದು ಮಾಲೀಕ ಅಂಟು ಬಿಟ್ಟು ಮೆತ್ತನೆಯ ಟೇಪ್ ಹಚ್ಚಿ ಮೊದಲ ಮೀಸೆ ಕೂರಿಸಿದ. "ಈಗ ನೋಡಿ, ಅಮ್ಮ."

ಅವಳು ತಿರುಗಿ ನೋಡಿದಳು. ಮೀಸೆ ಸಣ್ಣಗೆ, ಇರುವೆ ಸಾಲಿನಂತಿತ್ತು. "ಅಯ್ಯೋ, ಬೇಡ. ಸೈಟು ಮಾರೋ ದಲ್ಲಾಳಿ ಥರ ಕಾಣ್ತಾರೆ."

ಎರಡನೆಯದು ಎರಡೂ ಕಡೆ ಚೇಳಿನ ಕೊಂಡಿಯಂತೆ ಮೇಲೆದ್ದಿತ್ತು. "ಇದನ್ನ ಹಾಕ್ಕೊಂಡು ಹೊರಗೆ ಹೋದರೆ ಪೊಲೀಸರು ಹಿಡಿದೇ ಹಿಡೀತಾರೆ."

ಮೂರನೆಯದು ಸರಿಯಾಗಿ ಕೂರುವಷ್ಟರಲ್ಲಿ ಡ್ರೈವರಿಗೆ ಸೀನು ಬಂತು. ಮೀಸೆ ಹಾರಿ ಗಾಜಿನ ಮೇಜಿನ ಮೇಲೆ ಬಿತ್ತು. ಮೂವರೂ ಅದನ್ನೇ ನೋಡಿದರು. ಮಾಲೀಕ ಶ್ರದ್ಧೆಯಿಂದ ಅದನ್ನೆತ್ತಿ ಧೂಳು ಊದಿದ.

"ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರೆ," ಎಂದಳು ಟೀಚರು. "ನಮ್ಮ ಜಟ್ಟೀದು ಉಲ್ಟಾ. ಮೀಸೆ ಮಣ್ಣಾಯ್ತು, ಜಟ್ಟಿ ಮಾತ್ರ ನಿಂತೇ ಇದ್ದಾನೆ."

ಹೇಳಿದವಳ ಕಣ್ಣು ಕನ್ನಡಿಯತ್ತ ಹೋಯಿತು. ಗಂಡ ಎಂದಿನಂತೆ ಕಲ್ಲಿನ ಹಾಗೆ ಕೂತಿದ್ದ. ಕೆನ್ನೆ ಅಲುಗಿರಲಿಲ್ಲ, ಕಣ್ಣು ಮಿಟುಕಿರಲಿಲ್ಲ. ಆದರೆ ಮೇಲಿನ ತುಟಿಯ ಎಡತುದಿ ಹಿಡಿತ ತಪ್ಪಿ ಪಟಪಟನೆ ಅದುರುತ್ತಿತ್ತು.

ಅವಳು ಹತ್ತಿರ ಹೋಗಿ ಅವನ ಗದ್ದ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡಳು.

"ರೀ, ನೀವು ನಗ್ತಿದ್ದೀರಾ?"

"ಇಲ್ಲಪ್ಪ."

ತುಟಿ ಮತ್ತೆ ಅದುರಿತು.

"ನಗ್ತಿದ್ದೀರಿ! ಮೂವತ್ತೊಂದು ವರ್ಷ ನಾನೇನು ಹೇಳಿದರೂ ಮುಖ ಗಂಟು ಹಾಕ್ಕೊಂಡು ಕೂತಿರ್ತಿದ್ದಿರಿ. ನನ್ನ ತಮಾಷೆ ಅಂದ್ರೆ ಇವರಿಗೆ ಆಗಿಬರಲ್ಲ ಅಂತ ಅರ್ಧಕ್ಕರ್ಧ ಮಾತು ನುಂಗಿಕೊಂಡಿದ್ದೀನಿ. ಆ ಪೊರಕೆ ಹಿಂದೆ ಕೂತ್ಕೊಂಡು ನಗ್ತಿದ್ರಾ?"

ಡ್ರೈವರ್ ಸಿಕ್ಕಿಬಿದ್ದ ಹುಡುಗನಂತೆ ನೆಲ ನೋಡಿದ. "ಬಸ್ಸಲ್ಲಿ ನಗೋಕಾಗುತ್ತಾ? ನೂರೆಂಟು ಜನ ಹತ್ತೋ ಕಡೆ ಡ್ರೈವರ್ ಗಂಭೀರವಾಗಿರಬೇಕು. ಅದೇ ಅಭ್ಯಾಸ ಆಗೋಯ್ತು," ಎಂದ. ಮತ್ತೆ ದನಿ ತಗ್ಗಿಸಿ ಸೇರಿಸಿದ, "ನೀನು ನಮ್ಮಕ್ಕನಿಗೆ 'ನಿಮ್ಮ ಗೊರಕೆಗೆ ತಾಳ ತಪ್ಪುತ್ತೆ' ಅಂದಿದ್ದೆಯಲ್ಲ, ಅವತ್ತು ಗ್ಯಾರೇಜಿಗೆ ಹೋಗಿ ಬಸ್ಸಿನಡಿ ಮಲಗಿ ನಕ್ಕಿದ್ದೀನಿ."

ಅವಳಿಗೆ ತಡೆಯಲಾಗಲಿಲ್ಲ. ಕಪಾಟನ್ನು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗುವಿನ ರಭಸಕ್ಕೆ ಬೊಂಬೆ ತಲೆಗಳ ಮೇಲಿನ ವಿಗ್ಗುಗಳೆಲ್ಲ ಅಲುಗಿದವು. ಈಗ ಡ್ರೈವರ್ ಬಾಯಿ ಬಿಟ್ಟೇ ನಕ್ಕ. ಅವಳು ನಗುವುದನ್ನು ನಿಲ್ಲಿಸಿ, ಅವನು ನಗುವುದನ್ನೇ ನೋಡುತ್ತ ನಿಂತಳು.

ಅಷ್ಟರಲ್ಲಿ ಮಾಲೀಕ ಡ್ರೈವಿಂಗ್ ಲೈಸೆನ್ಸಿನ ಫೋಟೋ ಕೇಳಿ ಪಡೆದು, ದಪ್ಪನೆಯ ಮೀಸೆಯೊಂದನ್ನು ಅದಕ್ಕೆ ಹೊಂದುವಂತೆ ಕತ್ತರಿಸಿ, ಅಲ್ಲಲ್ಲಿ ನರೆ ಸೇರಿಸಿ ಕೂರಿಸಿದ. ಕನ್ನಡಿಯಲ್ಲಿ ಮೀಸೆ ಮಾವ ಮರಳಿ ಬಂದಿದ್ದ. ಅವನು ತಾನಾಗಿಯೇ ಎದೆ ಸೆಟೆಸಿ, ಬೆರಳಿನಿಂದ ತುದಿ ತೀಡಿದ.

"ಹತ್ತೂವರೆ ಆಯ್ತು, ಹೊರಡೋಣ ಬಾ," ಎಂದ, ಅವಳಿಗಿಂತ ಮೊದಲೇ.

"ಹೀಗೇ ಹಾಕ್ಕೊಂಡು ಹೋಗ್ತಾರಾ ಅಮ್ಮ, ಇಲ್ಲಾ ಡಬ್ಬೀಲಿ ಹಾಕಿ ಕೊಡಲಾ?" ಎಂದು ಕೇಳಿದ ಮಾಲೀಕ.

"ವಾರ್ಡಿಗೆ ಹಾಕ್ಕೊಂಡೇ ಬರಲಿ. ಆದ್ರೆ ಡಬ್ಬೀನೂ ಕೊಡಿ," ಎಂದಳು ಟೀಚರು. "ಮನೆಗೆ ಬಂದ ತಕ್ಷಣ ತೆಗೆದಿಡಬೇಕು. ಮೀಸೆ ಹಿಂದೆ ನಗ್ತಿದ್ದ ಆ ಇನ್ನೊಬ್ಬರ ಜೊತೆ ನಾನಿನ್ನೂ ಒಂದು ದಿನಾನೂ ಸಂಸಾರ ಮಾಡಿಲ್ಲ."