ಅಡ್ಡರಸ್ತೆಯ ಪೊದೆ

ಆ ಪೊದೆ ಕಡಿದರೆ ಮಗ ಜೈಲು ಸೇರುವುದು ಖಂಡಿತ. ತಾಯಿಗೆ ಅದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಬೆಳಕು ಹರಿಯುವ ಮೊದಲೇ ಬಂದು, ಅಡ್ಡರಸ್ತೆಯ ಮೂಲೆಯಲ್ಲಿ ಪೊದೆಗೆ ಬೆನ್ನು ಕೊಟ್ಟು ಕೂತಿದ್ದಳು.

ಹಾಲಿನ ವ್ಯಾನು ಓಡಿಸಿ ಮನೆ ಸಾಗಿಸುತ್ತಿದ್ದ ಹುಡುಗ ಈಗ ಪೊಲೀಸರ ವಶದಲ್ಲಿದ್ದ. ಒಬ್ಬ ಮನುಷ್ಯ ಇಲ್ಲೇ ಸತ್ತಿದ್ದ. ರಕ್ತದ ಕಲೆ ಮಳೆಗೆ ತೊಳೆದುಹೋಗಿತ್ತು. ಎರಡಾಳು ಎತ್ತರದ ಮುಳ್ಳುಪೊದೆ ಮಾತ್ರ ಹಾಗೇ ನಿಂತಿತ್ತು. ನಿನ್ನೆ ಕಂಬಿಯ ಆಚೆಯಿಂದ ಮಗ ಪಿಸುಗುಟ್ಟಿದ್ದ: "ಅಮ್ಮಾ, ನಾಳೆ ಮಧ್ಯಾಹ್ನದ ತನಕ ಅದಕ್ಕೆ ಯಾರೂ ಕೈ ಹಚ್ಚದ ಹಾಗೆ ನೋಡ್ಕೋ."

ಬಿಸಿಲೇರುವಷ್ಟರಲ್ಲಿ ಪುರಸಭೆಯ ಲಾರಿ ಬಂದೇಬಿಟ್ಟಿತು. ಆಳುಗಳು ಕಳೆ ಕತ್ತರಿಸುವ ಯಂತ್ರ ಇಳಿಸಿದರು.

"ಏಳಮ್ಮಾ," ಎಂದ ಮೇಸ್ತ್ರಿ. "ಕಲ್ಲು ಸಿಡಿಯುತ್ತೆ. ಹತ್ರ ಜನ ಇದ್ರೆ ಇದನ್ನ ಚಾಲೂ ಮಾಡೋ ಹಾಗಿಲ್ಲ."

"ಹಾಗಾದ್ರೆ ಮಾಡಬೇಡಿ."

ಮೇಸ್ತ್ರಿ ಗದರಿದ, ಗೋಗರೆದ. ಅವಳು ಜಪ್ಪಯ್ಯ ಅಂದರೂ ಅಲುಗಾಡಲಿಲ್ಲ.

"ಮೂರು ವರ್ಷದಿಂದ ಈ ಕಡೆ ತಲೆ ಹಾಕ್ಲಿಲ್ಲ. ಇವತ್ತೇನಪ್ಪಾ ಇಷ್ಟು ಅವಸರ?"

"ನಂಗೇನು ಗೊತ್ತು? ಮಧ್ಯಾಹ್ನದೊಳಗೆ ಇದೊಂದು ಮೂಲೆ ಚೊಕ್ಕಟ ಆಗ್ಬೇಕು ಅಂತ ಸಾಹೇಬರು ಬೆಳಗ್ಗೆಯಿಂದ ಪ್ರಾಣ ತಿಂತಿದ್ದಾರೆ." ಅವನು ಕಣ್ಣು ಕಿರಿದು ಮಾಡಿದ. "ಅಲ್ಲಾ, ಒಳಗೇನು ಬಚ್ಚಿಟ್ಟಿದ್ದೀಯಮ್ಮಾ?"

"ಬಚ್ಚಿಟ್ಟಿದ್ದು ನಾನಲ್ಲ."

ಮತ್ತೆ ಸಾಹೇಬರ ಫೋನು. ಮೇಸ್ತ್ರಿಯ ಮುಖ ಸಣ್ಣಗಾಯಿತು. "ಯಂತ್ರ ಬಿಡ್ರೋ, ಮಚ್ಚು ತಗೊಳ್ಳಿ! ಅದಕ್ಕೆ ಯಾವ ನಿಯಮಾನೂ ಇಲ್ಲ."

ಒಂದು ಕೊಂಬೆ ಬಿತ್ತು. ಇನ್ನೊಂದು. ಅವಳು ಚೀರುತ್ತ ಎದ್ದು, ಮುಳ್ಳೆಂದೂ ನೋಡದೆ ಉಳಿದ ಕೊಂಬೆಗಳನ್ನು ತಬ್ಬಿಕೊಂಡಳು. ಅಂಗೈಯಿಂದ ರಕ್ತ ಇಳಿಯಿತು. ಎತ್ತಿದ ಮಚ್ಚು ಹಾಗೇ ನಿಂತಿತು. ಹೆತ್ತ ತಾಯಿಯ ಕೈ ಮೇಲೆ ಯಾರು ತಾನೇ ಮಚ್ಚು ಬೀಸುತ್ತಾರೆ?

ಅಷ್ಟರಲ್ಲಿ ಪೊಲೀಸ್ ಜೀಪು ಬಂತು. ಪೇದೆಯ ಜೊತೆ, ಜಾಗ ನೋಡಿ ವರದಿ ಕೊಡಲು ನ್ಯಾಯಾಲಯ ಕಳಿಸಿದ ಅಧಿಕಾರಿಯೂ ಇಳಿದರು. ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು. "ಸರ್, ಈ ಹೆಂಗಸು ಒಳಗೇನೋ ಅಡಗಿಸಿಟ್ಟಿದ್ದಾಳೆ. ಕಡಿಯೋಕೇ ಬಿಡ್ತಿಲ್ಲ!"

ಅವಳು ತಾನಾಗಿಯೇ ಪಕ್ಕಕ್ಕೆ ಸರಿದಳು. "ಸ್ವಾಮಿ, ಮೊದಲು ನನ್ನ ಮಗ ಬಂದ ದಾರೀಲಿ ನಿಂತು ನೋಡಿ."

ಅಧಿಕಾರಿ ಆ ರಸ್ತೆಗೆ ಹೋಗಿ ನಿಂತರು. ಬಗ್ಗಿ ನೋಡಿದರು, ಕತ್ತು ಚಾಚಿ ನೋಡಿದರು. "ಏನೂ ಕಾಣ್ತಿಲ್ಲವಲ್ಲಮ್ಮ. ಬರೀ ಎಲೆ."

ಅವಳಿಗೆ ಅಳು ಒತ್ತರಿಸಿ ಬಂತು. "ಅಷ್ಟು ಸಾಕು. ಈಗ ನೀವೇ ಕೊಂಬೆ ಸರಿಸಿ."

ಕೊಂಬೆಗಳ ಹಿಂದೆ, ತುಕ್ಕು ಹಿಡಿದ ಕಂಬದ ಮೇಲೆ, ಅವಳ ಮಗ ಕಣ್ಣಾರೆ ಕಂಡೂ ಲೆಕ್ಕಿಸದೆ ವ್ಯಾನು ನುಗ್ಗಿಸಿದನೆಂದು ಪುರಸಭೆಯ ಸಾಹೇಬರು ನ್ಯಾಯಾಲಯದಲ್ಲಿ ಆಣೆ ಮಾಡಿ ಹೇಳಿದ್ದ ಕೆಂಪು ಫಲಕವಿತ್ತು: 'ನಿಲ್ಲಿಸಿ, ಮುಂದೆ ಅಡ್ಡರಸ್ತೆ.'