ಫ್ಯೂಸ್ ನೋಡಿದ್ಯೇನಯ್ಯ?

ನಾನು ಇಪ್ಪತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದ ರೇಡಿಯೋ ರಿಪೇರಿಯ ಆನ್‌ಲೈನ್ ಫೋರಂ ಅನ್ನು ಹೊಸ ಸಾಫ್ಟ್‌ವೇರಿಗೆ ಸಾಗಿಸಲು ಬಂದ ಚಿರಂತ್, ಸದಸ್ಯರ ಪಟ್ಟಿ ನೋಡಿ ಮೂಗು ಮುರಿದ.

"ಅರ್ಧಕ್ಕರ್ಧ ಸತ್ತೋರೇ ಮೇಡಂ. ಇನ್ನೂ ಉತ್ತರ ಬರೀತಾನೇ ಇದಾರೆ."

"ಎಲ್ಲಾ ಕಡೆ ಅವರೇ ತಾನೇ ಬರೆಯೋದು? ಬದುಕಿರೋರಿಗೆ ಪುರುಸೊತ್ತೆಲ್ಲಿದೆ?"

"ಹೊಸ ಸಾಫ್ಟ್‌ವೇರ್ ಸತ್ತೋರನ್ನ ತಗೊಳಲ್ಲ. ಆದ್ರೆ ಇಷ್ಟವಾದ್ರೆ ಹಾರ್ಟ್ ಒತ್ತಬಹುದು!"

ಆರು ವರ್ಷದ ಹಿಂದೆ ತೀರಿಕೊಂಡ ಪುಟ್ಟಮಾದಯ್ಯನವರು ಆಗಷ್ಟೇ ಯಾರನ್ನೋ ಗದರುತ್ತಿದ್ದರು: "ಮೊದಲು ಫ್ಯೂಸ್ ನೋಡಿದ್ಯೇನಯ್ಯ?" ಎಲ್ಲರಿಗೂ ಅವರ ಮೊದಲ ಮಾತು ಅದೇ. ಅವರನ್ನೂ ಚಿರಂತ್ ಪಟ್ಟಿಯಿಂದ ಅಳಿಸಿದ.

ಹೊಸ ಫೋರಂನಲ್ಲಿ ಮೊದಲ ಪ್ರಶ್ನೆ ಅವನದೇ: "ಮಾವನ ರೇಡಿಯೋ ಬಿಚ್ಚಿದೆ, ಈಗ ಉಸಿರೇ ಇಲ್ಲ. ನಾಳೆ ಅವರು ಊರಿಂದ ಬರ್ತಾರೆ. ಏನ್ಮಾಡ್ಲಿ?"

ನಲವತ್ತು ಹಾರ್ಟ್ ಬಿದ್ದವು. ಫ್ಯೂಸ್ ನೋಡು ಎಂದು ಯಾರೂ ಬರೆಯಲಿಲ್ಲ. ನಾನೂ ಬರೆಯಲಿಲ್ಲ, ಒಂದು ಹಾರ್ಟ್ ಒತ್ತಿದೆ.